ಮುಖದ ಬೇಡದ ಕೂದಲು: ಕಲೆ ಉಳಿಯದ ಹಾಗೆ ತೆಗೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಮದುವೆಗೆ ಎರಡೇ ದಿನ ಇತ್ತು. ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಿಕೊಂಡೆ. ಪಟ್ಟಿ ಎಳೆದಾಗ ಕೂದಲಿನ ಜೊತೆ ಚರ್ಮದ ತೆಳು ಪದರವೂ ಕಿತ್ತುಬಂತು. ಆಗ ನಾನು ಮೊಡವೆಗೆ ಅಂತ ರಾತ್ರಿ ಹೊತ್ತು ಅಡಾಪಲೀನ್ ಜೆಲ್ ಹಚ್ಚುತ್ತಿದ್ದೆ, ಅದು ಚರ್ಮದ ಮೇಲ್ಪದರವನ್ನು ನಾಜೂಕು ಮಾಡಿರುತ್ತದೆ. ಪಾರ್ಲರ್‌ನವರು ಕೇಳಲಿಲ್ಲ. ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಮದುವೆ ದಿನ ತುಟಿಯ ಮೇಲೆ ಹಸಿ ಗಾಯ, ವಾರ ಕಳೆದ ಮೇಲೆ ಕಂದು ಪಟ್ಟಿ. ಆ ಪಟ್ಟಿ ಪೂರ್ತಿ ಮಾಸಲು ಐದು ತಿಂಗಳು ಬೇಕಾಯಿತು. ತೆಗೆಸಿಕೊಂಡ ಕೂದಲಾದರೋ ಮೂರೇ ವಾರದಲ್ಲಿ ವಾಪಸ್ ಬಂದಿತ್ತು.

ಅವತ್ತಿನಿಂದ ಈ ವಿಷಯ ಓದಿದ್ದೇನೆ, ಚರ್ಮದ ಡಾಕ್ಟರ ಹತ್ತಿರ ಕೂತು ಕೇಳಿದ್ದೇನೆ, ಬಹಳಷ್ಟು ವಿಧಾನಗಳನ್ನು ನನ್ನ ಮುಖದ ಮೇಲೇ ನೋಡಿದ್ದೇನೆ. ನನಗೆ ಮನವರಿಕೆಯಾದ ವಿಷಯ ಒಂದೇ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಎಲ್ಲಿ ಸುಟ್ಟರೂ, ಕಿತ್ತರೂ, ತರಚಿದರೂ ಅಲ್ಲಿ ಕಪ್ಪು ಕಲೆ ಬೀಳುತ್ತದೆ. ಕೂದಲು ಹೋದರೂ ಕಲೆ ಉಳಿದುಬಿಡುತ್ತದೆ. ಹಾಗಾಗಿ ಕೂದಲು ಎಷ್ಟು ಬೇಗ ಹೋಗುತ್ತದೆ ಅನ್ನುವುದಕ್ಕಿಂತ ಚರ್ಮಕ್ಕೆ ಎಷ್ಟು ಕಡಿಮೆ ಪೆಟ್ಟು ಬೀಳುತ್ತದೆ ಅನ್ನುವುದನ್ನು ನೋಡಿ ವಿಧಾನ ಆರಿಸಿಕೊಳ್ಳಬೇಕು.

ಇನ್ನೊಂದು ಮಾತು. ಮುಖದ ಮೇಲೆ ಕೂದಲು ಇರುವುದು ಕೊಳಕಲ್ಲ, ಹೆಣ್ತನದ ಕೊರತೆಯೂ ಅಲ್ಲ. ಯಾರೋ "ಏನೇ, ಮೀಸೆ ಬಂದಿದೆ" ಅಂದರು ಅಂತ ತೆಗೆಯಬೇಕಾಗಿಲ್ಲ. ನಿಮಗೆ ಬೇಡ ಅನ್ನಿಸಿದರೆ ತೆಗೆಯಿರಿ, ಸಾಕು.

ಹಂತ 1: ಯಾವ ಕೂದಲು ಅಂತ ನೋಡಿಕೊಳ್ಳಿ

ಬೆಳಿಗ್ಗೆ ಕಿಟಕಿ ಪಕ್ಕ ಕನ್ನಡಿ ಹಿಡಿದು ನಿಲ್ಲಿ. ಬಚ್ಚಲುಮನೆಯ ಟ್ಯೂಬ್‌ಲೈಟ್ ಬೇಡ, ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಕೆನ್ನೆ, ಹಣೆಯ ಅಂಚಿನಲ್ಲಿ ಪೀಚುಪೀಚಾಗಿ, ತಿಳಿ ಬಣ್ಣದ ಮೆತ್ತನೆಯ ಕೂದಲು ಕಾಣುತ್ತದೆ ಅಲ್ವಾ? ಅದು ನವಿರು ಕೂದಲು. ಎಲ್ಲರಿಗೂ ಇರುತ್ತದೆ. ಗದ್ದದ ಕೆಳಗೆ, ದವಡೆಯ ಅಂಚಿನಲ್ಲಿ, ಮೇಲ್ತುಟಿಯ ಎರಡು ಮೂಲೆಯಲ್ಲಿ ಬೆರಳಾಡಿಸಿದರೆ ಒರಟಾಗಿ ಚುಚ್ಚುವುದು ದಪ್ಪ ಕೂದಲು. ಬುಡ ಆಳದಲ್ಲಿರುತ್ತದೆ, ಬಣ್ಣ ಕಪ್ಪು.

ಈ ವ್ಯತ್ಯಾಸ ಸುಮ್ನೆ ಹೇಳುತ್ತಿಲ್ಲ. ನವಿರು ಕೂದಲಿಗೆ ಲೇಸರ್ ಕೆಲಸ ಮಾಡುವುದಿಲ್ಲ, ಕೆಲವರಿಗೆ ಇನ್ನೂ ಜಾಸ್ತಿ ಮಾಡಿಬಿಡುತ್ತದೆ. ದಪ್ಪ ಕೂದಲನ್ನು ದಾರದಲ್ಲಿ ಎಳೆದರೆ ಎಷ್ಟೋ ಸಲ ಬುಡದ ಬದಲು ನಡುವೆಯೇ ತುಂಡಾಗಿ, ಚರ್ಮದ ಒಳಗೇ ಸುರುಳಿ ಸುತ್ತಿ ಗುಳ್ಳೆ ಏಳುತ್ತದೆ.

ಹಂತ 2: ಯಾಕೆ ಬಂತು ಅಂತ ಕೇಳಿಕೊಳ್ಳಿ

ಆಂಡ್ರೋಜನ್ ಅನ್ನುವ ಹಾರ್ಮೋನು ಹೆಂಗಸರ ದೇಹದಲ್ಲೂ ಸ್ವಲ್ಪ ಇರುತ್ತದೆ. ಅದು ಜಾಸ್ತಿಯಾದರೆ, ಇಲ್ಲವೇ ಕೂದಲ ಬುಡಗಳು ಅದಕ್ಕೆ ಬೇಗ ಸ್ಪಂದಿಸಿದರೆ, ನವಿರು ಕೂದಲು ದಪ್ಪ ಕೂದಲಾಗಿ ಬದಲಾಗುತ್ತದೆ. ಕೆಲವರಿಗೆ ಇದು ಮನೆತನದಿಂದ ಬಂದದ್ದು. ಅಮ್ಮನಿಗೆ, ಸೋದರತ್ತೆಗೆ ಇದ್ದರೆ ನಿಮಗೂ ಇರಬಹುದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಗದ್ದದ ಮೇಲೆ ಒಂದೆರಡು ಗಟ್ಟಿ ಕೂದಲು ಏಳುವುದೂ ಸಾಮಾನ್ಯ.

ಆದರೆ ಮುಟ್ಟು ಏರುಪೇರಾಗಿದ್ದರೆ, ಮೊಡವೆ ಜಾಸ್ತಿ ಇದ್ದರೆ, ತೂಕ ಏರುತ್ತಿದ್ದರೆ, ನೆತ್ತಿಯ ಕೂದಲು ತೆಳುವಾಗುತ್ತಿದ್ದರೆ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯಕ್ಕೆ ಬರುವ ತೊಂದರೆ, ಇದೆಯಾ ಅಂತ ನೋಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇರುತ್ತದೆ. ಡಾಕ್ಟರು ಸಾಮಾನ್ಯವಾಗಿ ಟೆಸ್ಟೋಸ್ಟಿರೋನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತ ಪರೀಕ್ಷೆ ಬರೆಯುತ್ತಾರೆ, ಬೇಕಿದ್ದರೆ ಸ್ಕ್ಯಾನಿಂಗ್ ಹೇಳುತ್ತಾರೆ. ಮುಖ, ಎದೆ, ಹೊಟ್ಟೆ ಹೀಗೆ ಒಂಬತ್ತು ಜಾಗ ನೋಡಿ, ಪ್ರತಿಯೊಂದಕ್ಕೂ 0ರಿಂದ 4ರವರೆಗೆ ಅಂಕ ಹಾಕುವ ಒಂದು ಪದ್ಧತಿಯೂ ಇದೆ. 1961ರಿಂದ ಬಳಕೆಯಲ್ಲಿರುವ ಇದಕ್ಕೆ ಫೆರಿಮನ್-ಗ್ಯಾಲ್ವೇ ಅಂಕ ಅನ್ನುತ್ತಾರೆ. ಡಾಕ್ಟರು ಹೊಟ್ಟೆ, ಬೆನ್ನಿನ ಮೇಲಿನ ಕೂದಲ ಬಗ್ಗೆ ಕೇಳಿದರೆ ಮುಜುಗರ ಪಡಬೇಡಿ. ಈ ಲೆಕ್ಕಕ್ಕೇ ಕೇಳುತ್ತಿರುತ್ತಾರೆ.

ಕೆಲವೇ ತಿಂಗಳಲ್ಲಿ ದಿಢೀರನೆ ಕೂದಲು ಬೆಳೆದರೆ, ದನಿ ಗಡುಸಾದರೆ, ತಡಮಾಡದೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಇದು ಪಾರ್ಲರ್‌ನಲ್ಲಿ ಮುಗಿಯುವ ವಿಷಯ ಅಲ್ಲ.

ಔಷಧಿಗಳಿಂದಲೂ ಕೂದಲು ಬರುತ್ತದೆ. ನೆತ್ತಿಗೆ ಹಚ್ಚುವ ಮಿನೊಕ್ಸಿಡಿಲ್ ದಿಂಬಿನಿಂದ ಮುಖಕ್ಕೆ ತಾಗಿ, ಹಣೆಯ ಪಕ್ಕ ಕೂದಲು ಎದ್ದವರಿದ್ದಾರೆ. ಅದಕ್ಕಿಂತ ದೊಡ್ಡ ತೊಂದರೆ ಸ್ಟಿರಾಯ್ಡ್ ಕ್ರೀಮಿನದು. ಬೆಳ್ಳಗಾಗಲು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಇರುವುದುಂಟು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಕೆನ್ನೆ ತುಂಬ ಕೂದಲು ಬರುತ್ತದೆ. ಚೀಟಿ ಇಲ್ಲದೆ ಇವನ್ನು ಮಾರಬಾರದು ಅಂತ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು, ಆದರೂ ಕೊಡುವವರು ಕೊಡುತ್ತಾರೆ. ನಿಮ್ಮ ಮನೆಯಲ್ಲಿರುವ ಟ್ಯೂಬಿನ ಹಿಂಬದಿ ಈಗಲೇ ಓದಿ. ಈ ಹೆಸರುಗಳಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಬಹಳ ದಿನ ಹಚ್ಚಿದ್ದನ್ನು ಒಮ್ಮೆಲೇ ಬಿಟ್ಟರೆ ಮುಖ ಕೆಂಪಾಗಿ ಉರಿಯಬಹುದು, ಅದಕ್ಕೇ ಅವರನ್ನು ಕೇಳಿಯೇ ನಿಲ್ಲಿಸಬೇಕು.

ಹಂತ 3: ಮನೆಯಲ್ಲೇ ಮಾಡಿಕೊಳ್ಳುವುದಾದರೆ

ರೇಜರ್ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಹೆಂಗಸರು ಹೆಚ್ಚು ಹೆದರುವುದು ಅದಕ್ಕೇ. "ರೇಜರ್ ಹಾಕಿದರೆ ಗಡ್ಡ ಬರುತ್ತದೆ" ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಬರುವುದಿಲ್ಲ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಬೋಳಿಸಿದ ಕೂದಲನ್ನು ಅಳೆದು ನೋಡಿದ್ದರು. ಬೋಳಿಸಿದ್ದರಿಂದ ಕೂದಲು ದಪ್ಪಗೂ ಆಗಿರಲಿಲ್ಲ, ಬೇಗ ಬೆಳೆದೂ ಇರಲಿಲ್ಲ. ಬ್ಲೇಡು ಮುಟ್ಟುವುದು ಚರ್ಮದ ಮೇಲಿನ ಸತ್ತ ಎಳೆಯನ್ನು ಮಾತ್ರ, ಬುಡವನ್ನಲ್ಲ. ಮತ್ತೆ ಒರಟು ಅನ್ನಿಸುವುದು ಯಾಕೆ? ತಾನಾಗಿ ಬೆಳೆದ ಕೂದಲಿನ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗಿರುತ್ತದೆ. ಕತ್ತರಿಸಿದಾಗ ತುದಿ ಮೊಂಡಾಗುತ್ತದೆ. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ಕಾಲಿಗೆ ಚುಚ್ಚುತ್ತದಲ್ಲ, ಹಾಗೇ ಇದು.

ಕೆನ್ನೆಯ ನವಿರು ಕೂದಲಿಗೆ ನಾನು ಈಗ ಬಳಸುವುದು ಮುಖಕ್ಕೆಂದೇ ಬರುವ ಒಂಟಿ ಬ್ಲೇಡಿನ ಸಣ್ಣ ರೇಜರ್. ಮುಖ ತೊಳೆದು, ಒರೆಸಿ, ಅಲೋವೆರಾ ಜೆಲ್ ತೆಳುವಾಗಿ ಹಚ್ಚಿಕೊಳ್ಳಿ. ಎಡಗೈಯಿಂದ ಕಿವಿಯ ಹತ್ತಿರದ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಬ್ಲೇಡನ್ನು ಸುಮಾರು 45 ಡಿಗ್ರಿ ಓರೆ ಮಾಡಿ, ಕೂದಲು ಬೆಳೆದ ದಿಕ್ಕಿನಲ್ಲೇ, ಮೇಲಿಂದ ಕೆಳಕ್ಕೆ, ಬೆರಳಿನ ಗೆಣ್ಣಿನಷ್ಟು ಉದ್ದ ಮಾತ್ರ ಎಳೆಯಿರಿ. ಒತ್ತಬೇಡಿ. ಪ್ರತಿ ಎಳೆತಕ್ಕೂ ಬ್ಲೇಡನ್ನು ಟಿಶ್ಯೂಗೆ ಒರೆಸಿ, ಅದರ ಮೇಲೆ ಬೂದಿಯ ಹಾಗೆ ನವಿರು ಕೂದಲು ಕೂತಿರುತ್ತದೆ. ಒಂದೇ ಜಾಗದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬೇಡ. ಮೊಡವೆ, ಮಚ್ಚೆ, ನರುಲಿ ಇದ್ದರೆ ಸುತ್ತು ಬಳಸಿ ಹೋಗಿ. ನಾಲ್ಕೈದು ಸಲ ಬಳಸಿದ ಬ್ಲೇಡನ್ನು ಎಸೆಯಿರಿ, ಮನೆಯಲ್ಲಿ ಬೇರೆ ಯಾರದೂ ಬಳಸಬೇಡಿ. ಗದ್ದದ ದಪ್ಪ ಕೂದಲಿಗಾದರೆ ಮೊದಲು ಉಗುರುಬೆಚ್ಚಗಿನ ನೀರಿನ ಬಟ್ಟೆ ಎರಡು ನಿಮಿಷ ಇಟ್ಟು, ಶೇವಿಂಗ್ ಜೆಲ್ ಹಚ್ಚಿ ಮಾಡಿ. ಅಲ್ಲಿ ಒಂದೆರಡು ದಿನಕ್ಕೇ ಮತ್ತೆ ಚುಚ್ಚುತ್ತದೆ, ಅದು ನಿಜ.

ಗದ್ದದ ಮೇಲೆ ನಾಲ್ಕೈದೇ ಕೂದಲು ಇದ್ದರೆ ಚಿಮಟ ಸಾಕು. ಸ್ನಾನ ಆದ ಮೇಲೆ, ಸ್ಪಿರಿಟ್‌ನಲ್ಲಿ ಒರೆಸಿದ ಓರೆ ತುದಿಯ ಚಿಮಟದಿಂದ, ಬುಡದ ಹತ್ತಿರ ಹಿಡಿದು ಬೆಳೆದ ದಿಕ್ಕಿಗೇ ಎಳೆಯಿರಿ. ಚರ್ಮದ ಒಳಗೆ ಕಾಣುವ ಕೂದಲನ್ನು ಉಗುರಿನಿಂದ, ಸೂಜಿಯಿಂದ ಕೆದಕಬೇಡಿ. ಗದ್ದ ಕಪ್ಪಾಗಲು ಈ ಕೆದಕುವಿಕೆಯೂ ಕಾರಣ.

ಕೂದಲು ತೆಗೆಯುವ ಕ್ರೀಮುಗಳಲ್ಲಿ ಇರುವುದು ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ. ಕೂದಲನ್ನು ಗಟ್ಟಿಯಾಗಿ ಹಿಡಿದಿರುವ ಕೆರಟಿನ್ ಅನ್ನುವ ಪ್ರೋಟೀನಿನ ಗಂಧಕದ ಕೊಂಡಿಗಳನ್ನು ಅದು ಒಡೆಯುತ್ತದೆ, ಆ ಕೆಟ್ಟ ವಾಸನೆ ಅದರದ್ದೇ. ಚರ್ಮದಲ್ಲೂ ಕೆರಟಿನ್ ಇದೆ ಅನ್ನುವುದನ್ನು ಮರೆಯಬೇಡಿ. ಕೈಕಾಲಿನ ಕ್ರೀಮು ಮುಖಕ್ಕೆ ಬೇಡವೇ ಬೇಡ, ಮುಖಕ್ಕೆ ಅಂತ ಬರೆದಿರುವುದನ್ನೇ ತನ್ನಿ. ಕಿವಿಯ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ ತೊಳೆದು 24 ಗಂಟೆ ಕಾಯಿರಿ. ಡಬ್ಬಿಯ ಮೇಲಿನ ಸಮಯಕ್ಕಿಂತ ಒಂದು ನಿಮಿಷವೂ ಜಾಸ್ತಿ ಬಿಡಬೇಡಿ, ಮೊಬೈಲ್‌ನಲ್ಲಿ ಟೈಮರ್ ಇಡಿ. ಉರಿ ಶುರುವಾದರೆ ಸಮಯ ಆಗದಿದ್ದರೂ ತೊಳೆಯಿರಿ.

ಬ್ಲೀಚ್ ಕೂದಲು ತೆಗೆಯುವುದಿಲ್ಲ, ಬಣ್ಣ ತೆಗೆಯುತ್ತದೆ ಅಷ್ಟೇ. ಕಪ್ಪು ಚರ್ಮದ ಮೇಲೆ ಹೊಂಬಣ್ಣದ ಕೂದಲು ಇನ್ನೂ ಎದ್ದು ಕಾಣುತ್ತದೆ. ಇದನ್ನು ಮಾಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಅಜ್ಜಿ ಹೇಳಿದ ಕಡಲೆಹಿಟ್ಟು, ಕಸ್ತೂರಿ ಅರಿಶಿನ. ಹಿಟ್ಟು ಒಣಗಿದ ಮೇಲೆ ಉಜ್ಜಿದರೆ ಒಂದಷ್ಟು ನವಿರು ಕೂದಲು ಅದಕ್ಕೆ ಅಂಟಿ ಬರುತ್ತದೆ. ಬುಡ ಸಾಯುವುದಿಲ್ಲ. ಮೆತ್ತಗೆ ಹಚ್ಚಿ ತೊಳೆದರೆ ತೊಂದರೆ ಇಲ್ಲ, ಜೋರಾಗಿ ಉಜ್ಜಿದರೆ ಕಪ್ಪಾಗುತ್ತದೆ. ನಿಂಬೆರಸ ಮಾತ್ರ ಖಂಡಿತ ಬೇಡ. ಅದು ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಕ್ಕೆ ಎದ್ದು ಗಾಢ ಕಲೆಯಾಗಬಹುದು.

ಹಂತ 4: ಪಾರ್ಲರ್‌ಗೆ ಹೋಗುವುದಾದರೆ

ಮೇಲ್ತುಟಿ ಮತ್ತು ಹುಬ್ಬಿಗೆ ಥ್ರೆಡ್ಡಿಂಗ್ ಒಳ್ಳೆಯದು. ಬಿಸಿ ಇಲ್ಲ, ರಾಸಾಯನಿಕ ಇಲ್ಲ. ನುರಿತ ಕೈ ಆದರೆ ಚರ್ಮ ಕಿತ್ತುಬರುವುದಿಲ್ಲ. ಹತ್ತಿ ದಾರವನ್ನು ನಡುವೆ ಹುರಿ ಹಾಕಿ ಕತ್ತರಿಯ ಹಾಗೆ ಬೆರಳು ಅಗಲಿಸಿದಾಗ ಆ ಹುರಿ ಸರಿಯುತ್ತಾ ಹೋಗಿ ಕೂದಲನ್ನು ಸಾಲಾಗಿ ಹಿಡಿದು ಕೀಳುತ್ತದೆ. ನಿಮ್ಮ ಕೆಲಸ ಚರ್ಮವನ್ನು ಬಿಗಿ ಹಿಡಿಯುವುದು. ಮೇಲ್ತುಟಿಗೆ ಮಾಡುವಾಗ ನಾಲಿಗೆಯನ್ನು ಒಳಗಿನಿಂದ ತುಟಿಯ ಮೇಲ್ಭಾಗಕ್ಕೆ ಒತ್ತಿ ಹಿಡಿಯಿರಿ. ಚರ್ಮ ಸಡಿಲ ಇದ್ದರೆ ದಾರ ಅದನ್ನೂ ಕಚ್ಚುತ್ತದೆ, ಸಣ್ಣ ಗೀರು ಬೀಳುವುದು ಆಗಲೇ. ಕಣ್ಣಲ್ಲಿ ನೀರು, ಸೀನು ಬರುವುದು ಸಹಜ, ಸೀನು ಬಂದರೆ ಕೈ ಎತ್ತಿ ನಿಲ್ಲಿಸಿ.

ಒಂದು ವಿಷಯ ಕೇಳಲು ಸಂಕೋಚ ಬೇಡ. ದಾರವನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಬದಲು ಕುತ್ತಿಗೆಗೆ ಕಟ್ಟಿಕೊಂಡು ಮಾಡಲು ಹೇಳಿ. ಪ್ರತಿಯೊಬ್ಬರಿಗೂ ಹೊಸ ದಾರ, ತೊಳೆದ ಕೈ ಇರಬೇಕು. ಥ್ರೆಡ್ಡಿಂಗ್ ಆದ ಗೆರೆಯುದ್ದಕ್ಕೂ ನರುಲಿ ಸಾಲಾಗಿ ಎದ್ದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿವೆ. ಮುಖದಲ್ಲಿ ಕೀವುಗುಳ್ಳೆ, ತುಟಿಯಲ್ಲಿ ಜ್ವರದ ಗುಳ್ಳೆ ಇದ್ದ ದಿನ ಮಾಡಿಸಬೇಡಿ.

ವ್ಯಾಕ್ಸ್ ಬಗ್ಗೆ ನನ್ನ ಮಾತು ಕಡಿಮೆ. ಮುಖಕ್ಕೆ ನಾನು ಮತ್ತೆ ಮಾಡಿಸಿಲ್ಲ. ನೀವು ಮಾಡಿಸುವುದಾದರೆ ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್ ಹಚ್ಚುವುದನ್ನು ಕನಿಷ್ಠ ಒಂದು ವಾರ ಮುಂಚೆಯೇ ನಿಲ್ಲಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಆ ಅವಧಿಯಲ್ಲೂ, ಬಿಟ್ಟ ಮೇಲೆ ಆರು ತಿಂಗಳೂ ವ್ಯಾಕ್ಸ್ ಬೇಡ. ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಸಿಕೊಂಡು ಬಿಸಿ ನೋಡಿ. ಒಂದೇ ಜಾಗಕ್ಕೆ ಎರಡನೇ ಪಟ್ಟಿ ಹಾಕಲು ಬಿಡಬೇಡಿ, ಉಳಿದ ಕೂದಲನ್ನು ಚಿಮಟದಲ್ಲಿ ತೆಗೆಯಲಿ.

ಹಂತ 5: ಬಹುಕಾಲದ ಪರಿಹಾರ ಬೇಕಿದ್ದರೆ

ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿ ಹೋಗಿ ಬುಡವನ್ನು ಬಿಸಿ ಮಾಡುತ್ತದೆ. ನಮ್ಮ ತೊಂದರೆ ಇರುವುದೂ ಇಲ್ಲೇ, ಚರ್ಮದಲ್ಲೂ ಅದೇ ಬಣ್ಣ ಇದೆ. ತಪ್ಪು ಯಂತ್ರ, ತಪ್ಪು ಅಳತೆ ಆದರೆ ಚರ್ಮವೂ ಸುಡುತ್ತದೆ. ಚರ್ಮದ ಬಣ್ಣವನ್ನು ಡಾಕ್ಟರು ಆರು ಬಗೆಯಾಗಿ ವಿಂಗಡಿಸುತ್ತಾರೆ, 1 ಅಂದರೆ ತೀರಾ ಬಿಳುಪು, 6 ಅಂದರೆ ತೀರಾ ಕಪ್ಪು. ನಮ್ಮ ಕಡೆ ಹೆಚ್ಚಿನವರದ್ದು 4, 5ನೇ ಬಗೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅದು ಮೇಲ್ಪದರವನ್ನು ಅಷ್ಟಾಗಿ ಕೆಣಕದೆ ಆಳಕ್ಕೆ ಇಳಿಯುತ್ತದೆ. ಸುಮಾರು 810 ನ್ಯಾನೋಮೀಟರಿನ ಡಯೋಡ್ ಕೂಡ ಇಲ್ಲಿ ಬಹಳ ಬಳಕೆಯಲ್ಲಿದೆ, ತಣ್ಣಗೆ ಮಾಡುವ ತುದಿ ಇರಬೇಕು, ಬಳಸುವವರಿಗೆ ಅನುಭವ ಇರಬೇಕು. ಆಫರ್ ಫಲಕ ನೋಡಿ ಒಳಗೆ ಹೋಗಬೇಡಿ. ಯಾವ ಯಂತ್ರ, ಯಾರು ಮಾಡುತ್ತಾರೆ, ಸುಟ್ಟರೆ ನೋಡಲು ಚರ್ಮದ ಡಾಕ್ಟರು ಅಲ್ಲೇ ಇರುತ್ತಾರಾ, ಇಷ್ಟು ಕೇಳಿ. ದವಡೆಯ ಹತ್ತಿರ ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಒಂದೆರಡು ವಾರ ಕಾದು ನೋಡಿ ಮುಂದುವರಿಯಿರಿ.

ತಯಾರಿ ಹೀಗೆ. ನಾಲ್ಕು ವಾರ ಮುಂಚಿನಿಂದ ಥ್ರೆಡ್ಡಿಂಗ್, ವ್ಯಾಕ್ಸ್, ಚಿಮಟ ಎಲ್ಲ ನಿಲ್ಲಿಸಿ. ಬುಡವೇ ಇಲ್ಲದಿದ್ದರೆ ಲೇಸರ್ ಯಾವುದನ್ನು ಸುಡಬೇಕು? ಈ ದಿನಗಳಲ್ಲಿ ಕೂದಲು ಎದ್ದು ಕಂಡರೆ ರೇಜರ್ ಬಳಸಬಹುದು. ಹಿಂದಿನ ದಿನವೂ ಶೇವ್ ಮಾಡಿಕೊಂಡೇ ಹೋಗಬೇಕು. ಅವತ್ತು ಮೇಕಪ್ ಬೇಡ. ಕಣ್ಣಿಗೆ ರಕ್ಷಣೆ ಕೊಡದೆ ಯಂತ್ರ ಮುಟ್ಟಲು ಬಿಡಬೇಡಿ. ರಬ್ಬರ್ ಬ್ಯಾಂಡ್ ಚಟ್ ಅಂತ ಹೊಡೆದ ಹಾಗೆ ಅನ್ನಿಸುತ್ತದೆ. ಕೆಂಪು ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಒಂದೆರಡು ವಾರ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ ಕಾಣುತ್ತದೆ, ಅದು ಸುಟ್ಟ ಕೂದಲು ಹೊರಗೆ ಬರುತ್ತಿರುವುದು. ಕೀಳಬೇಡಿ, ತಾನೇ ಉದುರುತ್ತದೆ.

ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಪೆಟ್ಟು ಬೀಳುವುದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರೆಂಟು ಸಲ ಬೇಕಾಗುತ್ತದೆ. ಆಮೇಲೂ ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಔಷಧಿ, ವೈದ್ಯಕೀಯ ಯಂತ್ರಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿರುವುದು ಕೂದಲು ಬಹುಕಾಲ ಕಡಿಮೆಯಾಗುತ್ತದೆ ಅನ್ನುವಷ್ಟನ್ನೇ. ಪಿಸಿಒಎಸ್ ಇದ್ದು ಔಷಧಿ ತಗೊಳ್ಳದಿದ್ದರೆ ಹೊಸ ಕೂದಲು ಏಳುತ್ತಲೇ ಇರುತ್ತದೆ. ಬಿಳಿ ಕೂದಲಿಗೆ ಲೇಸರ್ ನಡೆಯುವುದಿಲ್ಲ. ಬಸುರಿಯರು ಮುಂದೂಡುವುದು ಒಳ್ಳೆಯದು. ಲೇಸರ್ ಹಾಗೇ ಬೆಳಕಿನಿಂದ ಕೂದಲ ಬುಡ ಬಿಸಿ ಮಾಡುವ, ಮನೆಯಲ್ಲಿ ಬಳಸುವ ಐಪಿಎಲ್ ಯಂತ್ರ ತರುವ ಮುಂಚೆ ಡಬ್ಬಿಯ ಮೇಲಿನ ಚರ್ಮದ ಬಣ್ಣದ ಪಟ್ಟಿಗೆ ನಿಮ್ಮ ಕೆನ್ನೆ ಹಿಡಿದು ನೋಡಿ. ಗಾಢ ಬಣ್ಣಗಳಿಗೆ ಬಳಸಬೇಡಿ ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ.

ಬಿಳಿ ಕೂದಲಿಗೆ, ಒಂದೊಂದೇ ಉಳಿದ ಗಟ್ಟಿ ಕೂದಲಿಗೆ ಎಲೆಕ್ಟ್ರಾಲಿಸಿಸ್ ಇದೆ. ಕೂದಲಿನಷ್ಟೇ ಸಣ್ಣ ಸೂಜಿಯನ್ನು ಬುಡಕ್ಕೆ ಇಳಿಸಿ ವಿದ್ಯುತ್ ಹರಿಸುತ್ತಾರೆ. 1875ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ಚಾರ್ಲ್ಸ್ ಮಿಶೆಲ್ ಕಣ್ಣಿಗೆ ಚುಚ್ಚುವ ರೆಪ್ಪೆಗೂದಲು ತೆಗೆಯಲು ಇದನ್ನು ಬಳಸಿದ್ದನ್ನು ಬರೆದರು. ಶಾಶ್ವತ ಅನ್ನಿಸಿಕೊಳ್ಳುವ ವಿಧಾನ ಇದು. ಆದರೆ ಒಂದೊಂದೇ ಕೂದಲು, ಹಾಗಾಗಿ ತಿಂಗಳುಗಟ್ಟಲೆ ತಾಳ್ಮೆ ಬೇಕು. ಗಡ್ಡ ತೆಗೆಸುವ ಟ್ರಾನ್ಸ್ ಮಹಿಳೆಯರು ಮೊದಲು ಲೇಸರ್‌ನಲ್ಲಿ ದಟ್ಟಣೆ ಇಳಿಸಿ, ಉಳಿದದ್ದಕ್ಕೆ ಇದನ್ನು ಮಾಡಿಸುವುದುಂಟು.

ಎಫ್ಲಾರ್ನಿಥಿನ್ ಅನ್ನುವ ಕ್ರೀಮು ಕೂದಲು ಬೆಳೆಯುವ ವೇಗ ತಗ್ಗಿಸುತ್ತದೆ. ದಿನಕ್ಕೆ ಎರಡು ಸಲ ಹಚ್ಚಿದರೆ ಆರೆಂಟು ವಾರದಲ್ಲಿ ಗೊತ್ತಾಗುತ್ತದೆ, ನಿಲ್ಲಿಸಿದರೆ ಸುಮಾರು ಎರಡು ತಿಂಗಳಲ್ಲಿ ಮೊದಲಿನ ಹಾಗೇ. ಹಾರ್ಮೋನಿನ ಮಾತ್ರೆ, ಆಂಡ್ರೋಜನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಡಾಕ್ಟರ ಚೀಟಿಯಲ್ಲೇ ಆಗಬೇಕು. ಫಲ ಕಾಣಲು ಆರು ತಿಂಗಳು ಹಿಡಿಯುತ್ತದೆ, ಮೂರೇ ತಿಂಗಳಿಗೆ ಬಿಟ್ಟುಬಿಡಬೇಡಿ. ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವಾಗ ಬಸುರಾಗಬಾರದು.

ಹಂತ 6: ತೆಗೆದ ಮೇಲಿನ ಎರಡು ದಿನ

ತಣ್ಣೀರಿನ ಬಟ್ಟೆ, ಇಲ್ಲವೇ ಬಟ್ಟೆಯಲ್ಲಿ ಸುತ್ತಿದ ಐಸು ಐದು ನಿಮಿಷ. ಆಮೇಲೆ ಪರಿಮಳ ಇಲ್ಲದ ಮಾಯಿಶ್ಚರೈಸರ್. ಎರಡು ದಿನ ಸ್ಕ್ರಬ್, ಆವಿ, ಬ್ಲೀಚ್, ಫೇಶಿಯಲ್ ಬೇಡ. ಹಗಲು ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಹಚ್ಚಿ, ಎರಡು ಬೆರಳಿನುದ್ದ ಕ್ರೀಮು ಮುಖ, ಕುತ್ತಿಗೆಗೆ ಬೇಕು. ಸ್ಕೂಟರ್‌ನಲ್ಲಿ ಹೋಗುವವರಿಗೆ ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಉಜ್ಜುತ್ತದೆ. ಕೂದಲು ತೆಗೆದ ದಿನ ಮಧ್ಯೆ ಒಂದು ಮೆತ್ತನೆ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ಪಟ್ಟಿ ಬಿಚ್ಚಿ ಓಡಿಸಬೇಡಿ.

ಸುಟ್ಟರೆ ಹತ್ತಿಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ ಮೆತ್ತಬೇಡಿ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸಾಕು. ಬೊಕ್ಕೆ ಎದ್ದರೆ ಒಡೆಯದೆ ಡಾಕ್ಟರಿಗೆ ತೋರಿಸಿ. ಕಲೆ ಬಿದ್ದಿದ್ದರೆ ಮೊದಲ ಔಷಧಿ ಸನ್‌ಸ್ಕ್ರೀನೇ. ಅಜೆಲೈಕ್ ಆಸಿಡ್ ಥರದ್ದನ್ನು ಡಾಕ್ಟರು ಹೇಳಿದರೆ ಹಚ್ಚಿ. ನನ್ನ ಕಲೆಗೆ ಪರಿಚಯದವರೊಬ್ಬರು "ಇದು ಹಚ್ಚು, ವಾರದಲ್ಲಿ ಹೋಗುತ್ತೆ" ಅಂತ ಒಂದು ಟ್ಯೂಬ್ ಕೊಟ್ಟಿದ್ದರು. ಹಿಂಬದಿ ಓದಿದರೆ ಮೊಮೆಟಾಸೋನ್ ಅಂತಿತ್ತು. ವಾಪಸ್ ಕೊಟ್ಟುಬಿಟ್ಟೆ.

ಮದುವೆ, ಗೃಹಪ್ರವೇಶ ಇದ್ದರೆ

ಲೇಸರ್ ಬೇಕಿದ್ದರೆ ಹತ್ತು ತಿಂಗಳು ಮುಂಚೆ ಶುರು ಮಾಡಿ. ಥ್ರೆಡ್ಡಿಂಗ್ ಮೂರ್ನಾಲ್ಕು ದಿನ ಮುಂಚೆ, ಕೆಂಪು ಮತ್ತು ಗುಳ್ಳೆ ಇಳಿಯಲು ಅಷ್ಟು ಸಮಯ ಬೇಕು. ಕೆನ್ನೆಗೆ ರೇಜರ್ ಹಿಂದಿನ ದಿನ ಸಾಕು, ಅದೂ ಮೊದಲೇ ಒಂದೆರಡು ಸಲ ಮಾಡಿ ಅಭ್ಯಾಸ ಇದ್ದರೆ. ಕೊನೆಯ ಎರಡು ವಾರ ಹೊಸ ಕ್ರೀಮು, ಹೊಸ ಪಾರ್ಲರ್, ಹೊಸ ವಿಧಾನ ಯಾವುದನ್ನೂ ಮುಖಕ್ಕೆ ತರಬೇಡಿ. ಮೊಡವೆಗೆ ಏನು ಹಚ್ಚುತ್ತಿದ್ದೀರಿ ಅನ್ನುವುದನ್ನು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿಬಿಡಿ, ಅವರು ಕೇಳದಿದ್ದರೂ.